ನೀರಾನೆ ಆರೋಗ್ಯವಾಗಿದೆ

ನೀರಾನೆ ಸತ್ತ ಸುದ್ದಿ ಅವನಿಗೆ ಗೊತ್ತಾದದ್ದು ಹಲ್ಲುಜ್ಜುವ ಹೊತ್ತಿನಲ್ಲಿ, ಅದೂ ಪಕ್ಕದ ಮನೆಯಾಕೆಯ ಬಾಯಿಂದ.

ತಪ್ಪು ಅವನದೇ. ಬ್ರಷ್ಷು ಬಾಯಲ್ಲಿಟ್ಟುಕೊಂಡು ನಲ್ಲಿಯ ಹತ್ತಿರ ತೆಪ್ಪಗೆ ನಿಂತಿದ್ದರೆ ಆಗುತ್ತಿತ್ತು. ಆದರೆ ಅವತ್ತು ಖುಷಿ ಹೆಚ್ಚಾಗಿ ನಾಲಗೆ ನಿಲ್ಲಲಿಲ್ಲ. ಅವನು ರಾಜಧಾನಿಯಲ್ಲಿ ಅರಣ್ಯ ಇಲಾಖೆಯ ಶಾಖಾಧಿಕಾರಿ, ಹೆಂಡತಿ ಬೆಟ್ಟದ ಆಸ್ಪತ್ರೆಯೊಂದರಲ್ಲಿ ನರ್ಸು. ನಡುವೆ ಹತ್ತು ಹನ್ನೆರಡು ಗಂಟೆಯ ಬಸ್ಸು ಪ್ರಯಾಣ. ಮದುವೆಯಾದಂದಿನಿಂದ ಅವರದು ಫೋನಿನ ಸಂಸಾರ. ಕೊನೆಗೂ ಹೋದ ವಾರ ಆಕೆಗೆ ರಾಜಧಾನಿಯ ದೊಡ್ಡಾಸ್ಪತ್ರೆಗೆ ವರ್ಗವಾಗಿತ್ತು. ಇವತ್ತು ಮಧ್ಯಾಹ್ನದ ಬಸ್ಸಿಗೆ ಅವಳು ಬರುತ್ತಾಳೆ, ಹಿಂದೆಯೇ ಲಾರಿಯಲ್ಲಿ ಮಂಚ, ಬೀರು, ಪಾತ್ರೆ ಪಡಗ. ಇದನ್ನೆಲ್ಲ ಪಕ್ಕದ ಮನೆಯಾಕೆಗೆ ಹೇಳಿದ ಮೇಲಾದರೂ ಬಾಯಿ ಮುಚ್ಚಬೇಕಿತ್ತು. ಇಲ್ಲ, ಇವತ್ತು ಸದನದಲ್ಲಿ ನಮ್ಮ ನೀರಾನೆಯ ಪ್ರಶ್ನೆ ಬೇರೆ ಇದೆ ಎಂದು ಜಂಬ ಕೊಚ್ಚಿಕೊಂಡ.

"ಯಾವ ನೀರಾನೆ?" ಆಕೆ ಬಕೆಟ್ಟು ಕೆಳಗಿಟ್ಟಳು. "ಮೃಗಾಲಯದ್ದಾ? ಅದು ಸತ್ತುಹೋಯ್ತಲ್ಲ. ಮೊನ್ನೆ ನಮ್ಮಕ್ಕನ ಮಕ್ಕಳನ್ನ ಕರ್ಕೊಂಡು ಹೋಗಿದ್ದೆ. ಆ ಕೊಳಕ್ಕೆ ಈಗ ಬಾತುಕೋಳಿ ಬಿಟ್ಟಿದ್ದಾರೆ."

ಅವನು ಪೇಸ್ಟು ನುಂಗಿಬಿಟ್ಟ.

ಕಚೇರಿಯಲ್ಲಿ ಅವನಿಗೆ ಯಥಾಪ್ರತಿ ಎಂದು ಹೆಸರು. ಹೆತ್ತವರು ಇಟ್ಟ ಹೆಸರು ಸಂಬಳದ ದಿನ ಮಾತ್ರ ಕೇಳಿಬರುತ್ತಿತ್ತು. ಅಡ್ಡಹೆಸರು ಸುಮ್ಮನೆ ಬಂದದ್ದಲ್ಲ. ಮೃಗಾಲಯವಿರುವ ಕ್ಷೇತ್ರದ ಶಾಸಕರು ಪ್ರತಿ ಅಧಿವೇಶನದಲ್ಲೂ ತಪ್ಪದೆ ಒಂದೇ ಪ್ರಶ್ನೆ ಕಳಿಸುತ್ತಿದ್ದರು: ಮೃಗಾಲಯದ ಒಂಟಿ ನೀರಾನೆಗೆ ಜೊತೆ ತರುವ ಪ್ರಸ್ತಾವ ಸರ್ಕಾರದ ಮುಂದಿದೆಯೇ? ಇವನೂ ತಪ್ಪದೆ ಒಂದೇ ಉತ್ತರ ಬರೆಯುತ್ತಿದ್ದ: ನೀರಾನೆಯು ಆರೋಗ್ಯವಾಗಿದ್ದು ಉತ್ತಮವಾಗಿ ಆಹಾರ ಸೇವಿಸುತ್ತಿದೆ, ಜೊತೆ ತರುವ ವಿಷಯ ಪರಿಶೀಲನೆಯಲ್ಲಿದೆ. ತಾರೀಖು ತಿದ್ದುವುದು, ಕಳಿಸುವುದು. ಒಂಟಿಯಾಗಿರುವುದರ ಕಷ್ಟ ಅವನಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಅವನ ಪರಿಶೀಲನೆ ಅದೇ ವಾಕ್ಯದ ಪೂರ್ಣವಿರಾಮದ ಹತ್ತಿರ ನಿಂತುಬಿಡುತ್ತಿತ್ತು.

ಬಾಯಿ ಮುಕ್ಕಳಿಸದೆಯೇ ಮೃಗಾಲಯಕ್ಕೆ ಫೋನು ಮಾಡಿದ. ಅಲ್ಲಿನ ಗುಮಾಸ್ತ ಆಕಳಿಸುತ್ತ, ಅದು ಮಳೆಗಾಲದಲ್ಲೇ ಹೋಯಿತು ಸಾರ್, ನಿಮ್ಮ ಕಚೇರಿಗೆ ತಿಳಿಸಿದ್ದೆವಲ್ಲ, ನಿಮಗೆ ಗೊತ್ತಿಲ್ಲವಾ ಎಂದು ಇವನನ್ನೇ ಕೇಳಿದ.

ಉತ್ತರ ಆಗಲೇ ಅಚ್ಚಾಗಿದೆ. ಸದಸ್ಯರೆಲ್ಲರ ಮೇಜಿನ ಮೇಲೂ ಕೂತಿದೆ. ಅದರ ಕೆಳಗೆ ಅರಣ್ಯ ಸಚಿವೆಯ ಸಹಿ ಇದೆ. ಸದನಕ್ಕೆ ಸುಳ್ಳು ಹೇಳಿದರೆ ಹಕ್ಕುಚ್ಯುತಿ, ಮಂತ್ರಿಯ ಕುರ್ಚಿಯೇ ಅಲ್ಲಾಡುತ್ತದೆ. ಹೋಗಿ ಅವರ ಕಾಲಿಗೆ ಬಿದ್ದುಬಿಡೋಣವೆಂದರೆ ಆ ಅಮ್ಮ ಕಾಲಿಗೆ ಬಿದ್ದವರನ್ನು ಎತ್ತುವವರಲ್ಲ. ಹೋದ ಅಧಿವೇಶನದಲ್ಲಿ ಜಿಂಕೆಗಳ ಲೆಕ್ಕ ತಪ್ಪು ಕೊಟ್ಟ ಅಧಿಕಾರಿಯನ್ನು ಅದೇ ಸಂಜೆ ಗಡಿಯಾಚೆಗಿನಂತಿರುವ ಒಂದು ನಡುಗಡ್ಡೆಗೆ ಆಮೆ ಎಣಿಸಲು ಕಳಿಸಿದ್ದರು. ಅವನು ಇವತ್ತಿಗೂ ಎಣಿಸುತ್ತಿದ್ದಾನೆ. ಅಂದರೆ ಹೆಂಡತಿ ಈ ಬಾಗಿಲಿನಿಂದ ಒಳಗೆ ಬರುವಾಗ ಇವನು ಆ ಬಾಗಿಲಿನಿಂದ ಪೆಟ್ಟಿಗೆ ಹೊತ್ತು ಹೊರಗೆ ಹೋಗಬೇಕು. ಇಷ್ಟು ವರ್ಷ ಕಾದದ್ದು ಇದಕ್ಕಾ ಎಂದು ಅವನಿಗೆ ನಿಜಕ್ಕೂ ಅಳು ಬಂತು.

ಒಂದೇ ಒಂದು ಸಮಾಧಾನವಿತ್ತು. ನೀರಾನೆಯದು ಹದಿನಾಲ್ಕನೆಯ ಪ್ರಶ್ನೆ.

ಸದನದ ರೀತಿ ಗೊತ್ತಿಲ್ಲದವರಿಗೆ ಹೇಳಬೇಕು. ಪ್ರಶ್ನೋತ್ತರಕ್ಕೆ ಇರುವುದು ಒಂದು ಗಂಟೆ. ಸರದಿ ಬಂದ ಪ್ರಶ್ನೆಯನ್ನು ಸಭಾಧ್ಯಕ್ಷರು ಕೂಗುತ್ತಾರೆ, ಮಂತ್ರಿ ಎದ್ದು ಉತ್ತರ ಒದಗಿಸುತ್ತಾರೆ, ಆಮೇಲೆ ಕೇಳಿದವರು ಉಪಪ್ರಶ್ನೆಗಳನ್ನು ಹಾಕಿ ಜಾಲಾಡುತ್ತಾರೆ. ಗಂಟೆ ಮುಗಿದರೆ ಉಳಿದ ಪ್ರಶ್ನೆಗಳ ಉತ್ತರವನ್ನು ಓದಿದಂತೆಯೇ ಎಂದು ಮಂಡಿಸಿ ಮುಗಿಸುತ್ತಾರೆ. ಆಮೇಲೆ ಅದನ್ನು ಯಾರೂ ಮೂಸಿಯೂ ನೋಡುವುದಿಲ್ಲ. ಆ ಸದನದಲ್ಲಿ ಆರೇಳು ಪ್ರಶ್ನೆ ದಾಟಿದ್ದನ್ನು ಕಂಡವರಿಲ್ಲ. ಹದಿನಾಲ್ಕನೆಯದು ಅಂದರೆ ಪರಲೋಕದ ಮಾತು. ಯಥಾಪ್ರತಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಎದೆ ಗಟ್ಟಿ ಮಾಡಿಕೊಂಡು ಹೊರಟ.

ಮಂತ್ರಿಗಳ ಸಾಲಿನ ಹಿಂದೆ, ಮರದ ಅಡ್ಡಗಟ್ಟೆಯ ಆಚೆ ಅಧಿಕಾರಿಗಳ ಗ್ಯಾಲರಿ. ಮಂತ್ರಿಗೆ ಉತ್ತರ ತೋಚದಿದ್ದರೆ ಇಲ್ಲಿಂದ ಚೀಟಿ ಹೋಗಬೇಕು. ಚೀಟಿ ಒಯ್ಯಲು ಒಬ್ಬ ಹಿರಿಯ ಜವಾನನಿದ್ದ, ಎಲ್ಲರ ಬಾಯಲ್ಲೂ ಚೀಟಿ ತಾತ. ರಬ್ಬರು ಅಡಿಯ ಬೂಟು ಹಾಕಿಕೊಂಡು ಸದ್ದಿಲ್ಲದೆ ಓಡಾಡುತ್ತಿದ್ದ. ಯಥಾಪ್ರತಿಯ ಪಕ್ಕದ ಕುರ್ಚಿಯಲ್ಲಿ ದುಂಡಣ್ಣ ಕೂತಿದ್ದ. ಆರೋಗ್ಯ ಇಲಾಖೆಯವನು, ಕೆಲಸಕ್ಕೆ ಸೇರಿದಂದಿನ ಗೆಳೆಯ. ತಮ್ಮ ಇಲಾಖೆಯಲ್ಲಿ ಅವರಿವರ ಕೈಕಾಲು ಹಿಡಿದು ಇವನ ಹೆಂಡತಿಯ ವರ್ಗ ಮಾಡಿಸಿಕೊಟ್ಟವನು ಅವನೇ. ಲಾರಿ ಹೊರಟಿತಾ, ಬೀರುವಿಗೆ ಗೋಣಿ ಸುತ್ತಿಸಿದ್ದೀರಾ ಎಂದೆಲ್ಲ ವಿಚಾರಿಸಿದ. ಮನುಷ್ಯ ಒಳ್ಳೆಯವನು. ಅದೇ ಮುಂದೆ ತೊಂದರೆಯಾದದ್ದು.

ಗಂಟೆ ಬಾರಿಸಿತು. ಸಭಾಧ್ಯಕ್ಷರು ಪೀಠದಲ್ಲಿ ಕೂತು ಕನ್ನಡಕ ಏರಿಸಿದರು. ಒಂದನೆಯ ಪ್ರಶ್ನೆ ಎಂದರು. ಯಾರೂ ಏಳಲಿಲ್ಲ.

"ಸದಸ್ಯರು ಅಮಾನತಿನಲ್ಲಿದ್ದಾರೆ. ಮುಂದಿನದು."

ಎರಡನೆಯದು. ಅವರೂ ಅಮಾನತು. ಮೂರನೆಯದು, ಅದೂ ಹಾಗೆಯೇ.

ಯಥಾಪ್ರತಿಗೆ ಆಗ ನೆನಪಾಯಿತು. ಹಿಂದಿನ ದಿನ ಮಧ್ಯಾಹ್ನ ವಿರೋಧ ಪಕ್ಷದ ಒಂದು ಇಡೀ ಸಾಲು ಮೇಜು ಹತ್ತಿ ಕಾಗದ ಹರಿದು ತೂರಿತ್ತು. ಸಭಾಧ್ಯಕ್ಷರು ಅಷ್ಟೂ ಜನರನ್ನು ವಾರದ ಮಟ್ಟಿಗೆ ಹೊರಗೆ ಹಾಕಿದ್ದರು. ರಾತ್ರಿ ಟಿವಿಯಲ್ಲಿ ಅದನ್ನು ನೋಡಿ ಇವನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಪಟ್ಟಿಯ ಮೊದಲ ಪ್ರಶ್ನೆಗಳೆಲ್ಲ ಆ ಪುಂಡರವೇ ಎಂದು ಯಾರಿಗೆ ಗೊತ್ತಿತ್ತು? ನಾಲ್ಕು, ಐದು, ಆರು ಮಾಗಿದ ಹಣ್ಣಿನ ಹಾಗೆ ತೊಟ್ಟು ಕಳಚಿ ಬಿದ್ದವು. ಒಂಬತ್ತು ದಾಟಿದಾಗ ಗೋಡೆ ಗಡಿಯಾರದ ಮುಳ್ಳು ಇನ್ನೂ ಮೈ ಮುರಿಯುತ್ತಿತ್ತು.

ಹತ್ತನೆಯದನ್ನು ಕೇಳಿದವರು ಆಳುವ ಪಕ್ಷದವರು. ಮಂತ್ರಿಗಳ ಉತ್ತರದಿಂದ ನನ್ನ ಜನ್ಮ ಸಾರ್ಥಕವಾಯಿತು ಎಂಬ ಧಾಟಿಯಲ್ಲಿ ಕೈ ಮುಗಿದು ಕೂತರು. ಹನ್ನೊಂದನೆಯದು ಮೀನುಗಾರರ ಬಲೆಯ ವಿಷಯ, ಎರಡು ಮಾತಿನಲ್ಲಿ ಮುಗಿಯಿತು. ಇನ್ನು ಹನ್ನೆರಡನೆಯವರು ನಿದ್ದೆ ಮಾಡುತ್ತಿದ್ದರು. ಪಕ್ಕದವರು ತಿವಿದಾಗ ಎದ್ದು, ಏನು ಎತ್ತ ಗೊತ್ತಿಲ್ಲದೆ, ಧನ್ಯವಾದ ಎಂದು ಹೇಳಿ ಮತ್ತೆ ಕೂತರು.

ಇಷ್ಟರಲ್ಲಿ ಅರಣ್ಯ ಸಚಿವೆ ಸದನದೊಳಗೆ ಬಂದರು. ಕೂತವರೇ ಕಡತ ಬಿಚ್ಚಿದರು, ಗ್ಯಾಲರಿಯ ಕಡೆ ತಿರುಗಿ ಯಥಾಪ್ರತಿಯನ್ನು ನೋಡಿ ಮುಗುಳ್ನಕ್ಕರು. ಅವರು ಸಿಟ್ಟಾದಾಗಲೂ ಅವನು ಅಷ್ಟು ಹೆದರಿದ್ದಿಲ್ಲ. ಮರುಕ್ಷಣವೇ ತಾತ ಅವರ ಚೀಟಿ ತಂದುಕೊಟ್ಟ. ಸದಸ್ಯರನ್ನೂ ಪತ್ರಿಕೆಯವರನ್ನೂ ಇವತ್ತು ಸಂಜೆಯೇ ನೀರಾನೆ ನೋಡಲು ಕರೆಯುತ್ತೇನೆ, ಸದನದಲ್ಲೇ ಹೇಳಿಬಿಡುತ್ತೇನೆ, ಸರಿಯಷ್ಟೇ ಎಂದು ಅದರಲ್ಲಿತ್ತು.

ಯಥಾಪ್ರತಿ ತುಂಬ ಯೋಚಿಸಿ, ನೀರಾನೆ ಈಚೆಗೆ ಸಂಜೆಯ ಹೊತ್ತು ಕಾಣಿಸಿಕೊಳ್ಳುತ್ತಿಲ್ಲ ಎಂದು ಬರೆದು ಕಳಿಸಿದ. ಅವನ ನೌಕರಿಯಲ್ಲೇ ಅಷ್ಟು ನಿಜವಾದ ಉತ್ತರ ಇನ್ನೊಂದಿರಲಿಲ್ಲ.

ಹಾಗಾದರೆ ಬೆಳಿಗ್ಗೆ, ಎಂದು ಮರುಚೀಟಿ ಬಂತು.

ಅಷ್ಟರಲ್ಲಿ ಸಭಾಧ್ಯಕ್ಷರು ಹದಿಮೂರನೆಯದನ್ನು ಕೂಗಿದರು. ಗಂಟೆಯಲ್ಲಿ ಇನ್ನೂ ಅರ್ಧಕ್ಕೂ ಹೆಚ್ಚು ಬಾಕಿ ಬಿದ್ದಿತ್ತು. ಹದಿಮೂರನೆಯದು ಆರೋಗ್ಯ ಇಲಾಖೆಯದು. ಕೇಳಿದವರು ವಿರೋಧ ಪಕ್ಷದ ಹಿರಿಯರು, ಸದನವೆಲ್ಲ ಗುಡುಗು ಎಂದು ಕರೆಯುವ ಮನುಷ್ಯ. ಯಥಾಪ್ರತಿಗೆ ಹೋದ ಜೀವ ಬಂದಂತಾಯಿತು. ಗುಡುಗು ಎದ್ದರೆ ಅರ್ಧ ಗಂಟೆ ಕೂರುವವರಲ್ಲ. ಒಮ್ಮೆ ಒಂದು ಬೋರ್‌ವೆಲ್ಲಿನ ಮೇಲೆ ಊಟದ ಹೊತ್ತಿನವರೆಗೂ ಮಾತಾಡಿದ್ದರು.

ಗ್ರಹಚಾರ ಕೆಟ್ಟಾಗ ಗುಡುಗಿಗೂ ಗಂಟಲು ಕಟ್ಟುತ್ತದೆ. ಹಿರಿಯರು ಮಫ್ಲರು ಸುತ್ತಿಕೊಂಡು ಎದ್ದರು. ದೂರದ ಊರುಗಳ ಆಸ್ಪತ್ರೆಗಳ ಸ್ಥಿತಿ ಸಮಾಧಾನಕರವಾಗಿದೆಯೇ ಎಂಬುದು ಪ್ರಶ್ನೆ. ಸಮಾಧಾನಕರವಾಗಿದೆ ಎಂದು ಆರೋಗ್ಯ ಸಚಿವರು ಮೆತ್ತಗೆ ಓದಿದರು. ನಿಜವಾಗಿಯೂ ಇದೆಯಾ ಎಂದು ಹಿರಿಯರು ಕಪ್ಪೆಯ ದನಿಯಲ್ಲಿ ಒಂದು ಉಪಪ್ರಶ್ನೆ ಹಾಕಿ ಕೆಮ್ಮಿದರು. ಸಚಿವರು ಉತ್ತರ ಹೇಳುತ್ತಿದ್ದಂತೆಯೇ ಹಿರಿಯರ ಕೈ ಕುರ್ಚಿಯನ್ನು ಹುಡುಕತೊಡಗಿತು. ಇನ್ನು ಕೂತುಬಿಡುತ್ತಾರೆ. ಕೂತರೆ ಹದಿನಾಲ್ಕು.

ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ ಅನ್ನುತ್ತಾರಲ್ಲ, ಯಥಾಪ್ರತಿಯ ಕೈಗೆ ಸಿಕ್ಕ ಕಡ್ಡಿ ಹೆಂಡತಿಯ ಆಸ್ಪತ್ರೆ. ಪ್ರತಿ ರಾತ್ರಿ ಫೋನಿನಲ್ಲಿ ಅವಳು ತೋಡಿಕೊಂಡ ಗೋಳು ಅವನಿಗೆ ಬಾಯಿಪಾಠವಾಗಿತ್ತು. ಸರ್ಕಾರದ ಅನ್ನ ತಿಂದು ವಿರೋಧ ಪಕ್ಷಕ್ಕೆ ಪ್ರಶ್ನೆ ಒದಗಿಸುವುದು ಎಂಥ ದ್ರೋಹವೆಂದು ಅವನಿಗೆ ಗೊತ್ತಿತ್ತು. ಪಕ್ಕದಲ್ಲೇ ದುಂಡಣ್ಣ ಕೂತಿದ್ದಾನೆ, ಬೈಸಿಕೊಳ್ಳುವುದು ಅವನ ಮಂತ್ರಿ ಎಂಬುದೂ ಗೊತ್ತಿತ್ತು. ದುಂಡಣ್ಣನನ್ನು ಆಮೇಲೆ ಮನೆಗೆ ಕರೆದು ಊಟ ಹಾಕಿದರಾಯಿತು. ಆ ಆಸ್ಪತ್ರೆಯ ಋಣವಂತೂ ತೀರಿತು, ಅವಳು ಅದನ್ನು ಬಿಟ್ಟು ಬಂದಾಯಿತಲ್ಲ. ಹೀಗೆಲ್ಲ ಲೆಕ್ಕ ಹಾಕಿ, ಅಕ್ಷರ ಸಿಕ್ಕಿಬೀಳಬಾರದೆಂದು ಎಡಗೈಯಲ್ಲಿ ಗೀಚಿದ: ಬೆಟ್ಟದ ಆಸ್ಪತ್ರೆಯ ಆಂಬುಲೆನ್ಸಿಗೆ ಚಕ್ರಗಳಿಲ್ಲ. ಇಟ್ಟಿಗೆಯ ಮೇಲೆ ನಿಂತಿದೆ. ಮೇಲೆಲ್ಲ ಬಳ್ಳಿ ಹಬ್ಬಿದೆ.

ತಾತನನ್ನು ಕರೆದು ಕಿವಿಯಲ್ಲಿ, ಗುಡುಗಿನವರಿಗೆ ಎಂದ.

ತಾತ ಹುಬ್ಬು ಗಂಟಿಕ್ಕಿದ. ಈ ಗ್ಯಾಲರಿಯಿಂದ ಆ ಕಡೆಗೆ ಚೀಟಿ ಹೋದದ್ದನ್ನು ಅವನು ತನ್ನ ಸರ್ವೀಸಿನಲ್ಲೇ ನೋಡಿರಲಿಲ್ಲ. "ಸಾರ್, ಇದು ಪದ್ಧತಿ ಅಲ್ಲ," ಎಂದ.

"ಅವರ ಮನೆಯಿಂದ ಸುದ್ದಿ ಬಂದಿದೆ ತಾತ. ಬೇಗ ಕೊಡಿ."

ಮನೆಯ ಸುದ್ದಿ ಎಂದ ಮೇಲೆ ತಾತ ಮರುಮಾತಾಡಲಿಲ್ಲ. ಹಿರಿಯರು ಕೂರುವುದಕ್ಕೂ ಚೀಟಿ ತಲುಪುವುದಕ್ಕೂ ಸರಿಹೋಯಿತು. ಅವರು ಅದನ್ನು ದೂರ ಹಿಡಿದು, ಹತ್ತಿರ ಹಿಡಿದು, ಕೋಳಿ ಕೆದರಿದಂತಿದ್ದ ಅಕ್ಷರಗಳನ್ನು ಕೂಡಿಸಿ ಓದಿದರು. ಓದುತ್ತ ಓದುತ್ತ ಮಫ್ಲರು ಸಡಿಲಿಸಿದರು. ಗಂಟಲು ತಾನಾಗಿ ತೆರೆದುಕೊಂಡಿತು.

ಬೆಟ್ಟದ ಆಸ್ಪತ್ರೆಯ ಆಂಬುಲೆನ್ಸು ಓಡುವ ಸ್ಥಿತಿಯಲ್ಲಿದೆಯೇ ಎಂದು ಅವರು ಕೇಳಿದಾಗ ದುಂಡಣ್ಣ ಗಾಬರಿಯಿಂದ ಕಡತ ತಿರುವಿ, ಇದೆ ಎಂದು ಬರೆದು ಕಳಿಸಿದ. ಸಚಿವರು ಇದೆ ಎಂದರು. ಯಾವುದರ ಮೇಲೆ ಓಡುತ್ತೆ, ಇಟ್ಟಿಗೆಯ ಮೇಲಾ ಎಂದು ಗುಡುಗಿದರು ಹಿರಿಯರು. ಸದನ ಬಿದ್ದು ಬಿದ್ದು ನಕ್ಕಿತು. ಬಳ್ಳಿಯಲ್ಲಿ ಹೂವು ಬಿಟ್ಟಿದೆಯೋ ಕಾಯಿ ಬಿಟ್ಟಿದೆಯೋ ಎಂದು ಹಿಂದಿನಿಂದ ಯಾರೋ ಕೇಳಿದರು. ಆ ಗದ್ದಲ ಅಡಗಿಸುವುದರಲ್ಲೇ ಮುಳ್ಳು ಒಂದಷ್ಟು ಮುಂದೆ ಹೋಯಿತು.

ಆದರೆ ಗದ್ದಲ ಬೇಗ ಅಡಗಿತು. ಯಥಾಪ್ರತಿ ಎರಡನೆಯ ಚೀಟಿ ಗೀಚಿದ: ವಾರ್ಡಿನ ಸೂರು ಸೋರುತ್ತದೆ. ಮಳೆ ಬಂದರೆ ರೋಗಿಗಳ ಮಂಚಗಳು ಮೂಲೆಯಿಂದ ಮೂಲೆಗೆ ಓಡಾಡುತ್ತವೆ. ತಾತ ಅದನ್ನು ಒಯ್ಯುವಾಗ, ಪಾಪ ಮನೇಲಿ ಏನೋ ಜಾಸ್ತಿ ಆಗಿರಬೇಕು ಎಂದು ಲೊಚಗುಟ್ಟಿದ. ಹಿರಿಯರು ಈ ಸಲ ಓದಲು ಕನ್ನಡಕವನ್ನೂ ಹಾಕಿಕೊಳ್ಳಲಿಲ್ಲ. ಹಸಿದವನಿಗೆ ಬಡಿಸಿದ ಹಾಗೆ ಇತ್ತು. ಸೂರು ಎಂದರು, ಮಂಚ ಎಂದರು, ರೋಗಿಗಳು ಆಸ್ಪತ್ರೆ ಸೇರುವ ಮೊದಲು ಈಜು ಕಲಿಯಬೇಕೇ ಎಂದರು. ಸಚಿವರು ಬೆವರು ಒರೆಸಿಕೊಂಡು ಹಿಂದೆ ತಿರುಗಿ ದುಂಡಣ್ಣನನ್ನು ದುರುಗುಟ್ಟಿದರು.

"ಇದೆಲ್ಲ ಇವರಿಗೆ ಹೇಳ್ತಿರೋನು ಯಾವನೋ?" ದುಂಡಣ್ಣ ಪಿಸುಗುಟ್ಟಿದ. ಅವನ ಅಂಗಿಯ ಬೆನ್ನು ಒದ್ದೆಯಾಗಿತ್ತು. "ಒಳಗಿನವರೇ ಕಣೋ. ಸಿಕ್ಕಲಿ, ಅವನ ಚರ್ಮ ಸುಲಿಸ್ತೀನಿ."

ಹೊಟ್ಟೆಕಿಚ್ಚಿನವರು ಎಲ್ಲಿಲ್ಲ ಹೇಳು ಎಂದ ಯಥಾಪ್ರತಿ, ಎಡಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು.

ಅರಣ್ಯ ಸಚಿವೆ ಗಡಿಯಾರ ನೋಡಿದರು, ತಮ್ಮ ಸರದಿ ತಪ್ಪುತ್ತದೋ ಎಂಬ ಅಸಮಾಧಾನದಿಂದ ಬೆರಳು ಕುಟ್ಟತೊಡಗಿದರು. ಸಭಾಧ್ಯಕ್ಷರಿಗೂ ಸಾಕಾಗಿತ್ತು. ಒಂದೇ ಆಸ್ಪತ್ರೆಯ ಮೇಲೆ ಇಷ್ಟು ಸಾಕು, ಮುಂದಿನ ಪ್ರಶ್ನೆಗೆ ಹೋಗೋಣ ಎಂದರು. ಹದಿನಾಲ್ಕು ಎನ್ನಲು ಅವರ ಬಾಯಿ ತೆರೆಯುವುದನ್ನು ಯಥಾಪ್ರತಿ ಕಣ್ಣಾರೆ ಕಂಡ. ಇನ್ನು ಮೂರನೆಯ ಚೀಟಿ ಹೋಗಲೇಬೇಕು. ಉಳಿದಿದ್ದ ಸರಕಿನಲ್ಲಿ ಎಲ್ಲಕ್ಕಿಂತ ಬಲವಾದದ್ದನ್ನು ತೆಗೆದ. ಹೆರಿಗೆ ಕೋಣೆಯ ಬಾಗಿಲಿಗೆ ಚಿಲಕವಿಲ್ಲ. ನರ್ಸು ಒಂದು ಕಾಲಿನಲ್ಲಿ ಬಾಗಿಲನ್ನು ಒತ್ತಿ ಹಿಡಿದು ಹೆರಿಗೆ ಮಾಡಿಸಬೇಕು. ಅವಳು ಇದನ್ನು ಹೇಳಿದ ರಾತ್ರಿ ಇಬ್ಬರೂ ನಕ್ಕು ನಕ್ಕು, ಕೊನೆಗೆ ಅವಳು ಅತ್ತಿದ್ದಳು. ಅದು ಈಗ ನೆನಪಿಗೆ ಬರದಿರಲೆಂದು ಬೇಗ ಬೇಗ ಗೀಚಿ ತಾತನ ಕೈಗೆ ತುರುಕಿದ.

ತಾತ ಸದನ ದಾಟುತ್ತಿದ್ದಾಗ ಸಭಾಧ್ಯಕ್ಷರ ಕಣ್ಣು ಅವನ ಮೇಲೆ ಬಿತ್ತು.

"ಒಂದು ನಿಮಿಷ. ಅಧಿಕಾರಿಗಳ ಕಡೆಯಿಂದ ವಿರೋಧ ಪಕ್ಷಕ್ಕೆ ಚೀಟಿ ಹೋಗ್ತಾ ಇದೆಯಲ್ಲ. ಏನದು?"

ಸದನ ಗಪ್‌ಚಿಪ್ಪಾಯಿತು. ಮಂತ್ರಿಗಳ ಸಾಲಿಗೆ ಸಾಲೇ ಗ್ಯಾಲರಿಯತ್ತ ತಿರುಗಿತು. ದುಂಡಣ್ಣ ಗ್ಯಾಲರಿಯಲ್ಲಿದ್ದವರ ಮುಖಗಳನ್ನು ಒಂದೊಂದಾಗಿ ನೋಡುತ್ತ ಬಂದ. ನಡುಗಡ್ಡೆ, ಆಮೆ, ಬಸ್ ನಿಲ್ದಾಣದಲ್ಲಿ ಒಂಟಿಯಾಗಿ ನಿಂತ ಹೆಂಡತಿ, ಎಲ್ಲ ಯಥಾಪ್ರತಿಯ ಕಣ್ಣ ಮುಂದೆ ಬಂದವು. ತಾತನಿಗೆ ಸದನದಲ್ಲಿ ಮಾತಾಡುವ ಹಕ್ಕಿಲ್ಲ. ಹಾಗಾಗಿ ಅವನು ಹಿರಿಯರ ಮುಖವನ್ನೇ ದೀನವಾಗಿ ನೋಡಿದ.

ಹಿರಿಯರು ನಿಧಾನವಾಗಿ ಎದ್ದರು. ರಾಜಕೀಯದಲ್ಲಿ ಕೂದಲು ಹಣ್ಣಾಗಿಸಿಕೊಂಡವರು, ಕಾಮಧೇನುವನ್ನು ಕಟುಕನಿಗೆ ಕೊಡುತ್ತಾರೆಯೇ?

"ಮನೆಯಿಂದ, ಮಾನ್ಯ ಸಭಾಧ್ಯಕ್ಷರೇ. ನನ್ನ ಗಂಟಲು ಸರಿಯಿಲ್ಲ ನೋಡಿ, ಬಿಸಿನೀರು ಕುಡೀರಿ ಅಂತ ಹೇಳಿ ಕಳಿಸ್ತಿದ್ದಾರೆ."

ಎಲ್ಲರೂ ನಕ್ಕರು. ನಿಮ್ಮ ಮನೆಯವರ ಬಿಸಿನೀರು ಬಹಳ ಪರಿಣಾಮಕಾರಿ, ಇರಲಿ, ಕೊನೆಯದೊಂದು ಕೇಳಿ ಮುಗಿಸಿ ಎಂದರು ಸಭಾಧ್ಯಕ್ಷರು. ಅಲ್ಲಿಂದಾಚೆಗೆ ಯಥಾಪ್ರತಿಗೆ ಗಡಿಯಾರವೊಂದನ್ನು ಬಿಟ್ಟು ಬೇರೇನೂ ಕಾಣಲಿಲ್ಲ.

ಹಿರಿಯರು ಚಿಲಕದ ಕತೆಯನ್ನು ಎತ್ತಿಕೊಂಡರು. ಎತ್ತಿಕೊಂಡರು ಎನ್ನುವುದೇನು, ಒಂದು ಕಾಲೆತ್ತಿ ಬಾಗಿಲು ಒತ್ತುವುದನ್ನು ಮಾಡಿಯೇ ತೋರಿಸಿದರು. ಮೊದಲು ಸದನ ನಕ್ಕಿತು. ಆಮೇಲೆ ಮಹಿಳಾ ಸದಸ್ಯರು ಎದ್ದರು. ಇದರಲ್ಲಿ ನಗುವುದೇನಿದೆ ಎಂದು ಅವರು ಕೇಳಿದಾಗ ಎರಡೂ ಕಡೆಯವರು ತಲೆ ತಗ್ಗಿಸಿದರು. ಆರೋಗ್ಯ ಸಚಿವರ ಪಕ್ಷದವರೇ ನಾಚಿಕೆಗೇಡು ಎಂದು ಕೂಗಿದರು. ಹೊತ್ತು ಸುಖವಾಗಿ ಜಾರುತ್ತಿತ್ತು. ಗಂಟೆ ಬಾರಿಸಲು ಇನ್ನು ಎರಡು ಮಾತಿನಷ್ಟು ಸಮಯ ಉಳಿದಿತ್ತು.

ಹಿರಿಯರು ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. ಇನ್ನು ಚೀಟಿಯೂ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ.

"ಚಕ್ರ ಇಲ್ಲ, ಸೂರಿಲ್ಲ, ಚಿಲಕ ಇಲ್ಲ. ಹೋಗ್ಲಿ ಬಿಡಿ. ಆ ಬೆಟ್ಟದ ಜನರನ್ನ ಇವತ್ತಿನ ದಿನ ನೋಡ್ಕೊಳ್ತಿರೋರು ಯಾರು? ಅಷ್ಟು ಹೇಳಿ, ಕೂತ್ಕೋತೀನಿ."

ಸಚಿವರು ಹಿಂದೆ ತಿರುಗಿದರು. ಆ ನೋಟದಲ್ಲಿ, ಈಗ ಉತ್ತರ ಬರದಿದ್ದರೆ ನಾಳೆ ನೀನಿಲ್ಲ ಎಂದು ಸ್ಪಷ್ಟವಾಗಿ ಬರೆದಿತ್ತು. ದುಂಡಣ್ಣನ ಪೆನ್ನು ಕಾಗದದ ಮೇಲೆ ನಿಂತೇ ಇತ್ತು. ಅವನು ಯಥಾಪ್ರತಿಯ ಕಡೆ ನೋಡಿದ, ತಲೆ ಕೆಳಗೆ ಹಾಕಿದ, ಮತ್ತೆ ನೋಡಿದ. ಕಾಗದದ ಮೇಲೆ ಬಾಗುವಾಗ ಅವನ ಮೊಣಕೈ ಗೆಳೆಯನಿಗೆ ತಗುಲಿತು.

"ಕ್ಷಮಿಸಿಬಿಡು ಕಣೋ," ಎಂದ ಬಹಳ ಮೆಲ್ಲಗೆ. "ನಂಗೂ ಹೆಂಡ್ತಿ ಮಕ್ಕಳಿದ್ದಾರೆ."

ಮೊಣಕೈ ತಗುಲಿದ್ದಕ್ಕೆ ಇಷ್ಟು ದೊಡ್ಡ ಮಾತೇಕೆ ಎಂದುಕೊಂಡ ಯಥಾಪ್ರತಿ, ಮುಳ್ಳಿನ ಮೇಲಿಂದ ಕಣ್ಣು ತೆಗೆಯದೆ, "ಪರವಾಗಿಲ್ಲ ಬಿಡೋ, ಧಾರಾಳವಾಗಿ ಬರಿ," ಎಂದ.

ದುಂಡಣ್ಣ ಬರೆದ. ತಾತ ಒಯ್ದ. ಸಚಿವರು ಚೀಟಿಯನ್ನು ಎರಡು ಸಲ ಓದಿದರು. ಅವರ ಮುಖಕ್ಕೆ ರಕ್ತ ವಾಪಸು ಬಂತು, ಬೆನ್ನು ನೆಟ್ಟಗಾಯಿತು.

"ಮಾನ್ಯ ಸಭಾಧ್ಯಕ್ಷರೇ, ಆ ಆಸ್ಪತ್ರೆಯನ್ನ ಇಷ್ಟು ವರ್ಷ ಒಬ್ಬ ನರ್ಸಮ್ಮ ಒಬ್ಬರೇ ನಡೆಸ್ಕೊಂಡು ಬಂದಿದ್ದಾರೆ. ಚಿಲಕ ಇಲ್ಲದಿದ್ರೂ ಹೆರಿಗೆ ನಿಂತಿಲ್ಲ. ಅಂಥವರನ್ನ ಹೋದ ವಾರ ಯಾರೋ ರಾಜಧಾನಿಗೆ ವರ್ಗ ಮಾಡಿಬಿಟ್ಟಿದ್ದಾರೆ. ಅದು ತಪ್ಪು. ಆ ವರ್ಗವನ್ನ ಈ ಕ್ಷಣವೇ ರದ್ದು ಮಾಡಿದ್ದೀನಿ. ನಾಳೆ ಬೆಳಿಗ್ಗೆ ಅವರು ಅಲ್ಲೇ ಕೆಲಸದಲ್ಲಿರ್ತಾರೆ. ಇದು ಸದನಕ್ಕೆ ನಾನು ಕೊಡ್ತಿರೋ ಭರವಸೆ."

ಮೇಜುಗಳು ಗುದ್ದಿಸಿಕೊಂಡವು. ಆಳುವವರು ಗುದ್ದಿದರು, ಎದುರಿನವರೂ ಗುದ್ದಿದರು. ಹಿರಿಯರು ಕೈ ಮುಗಿದು, ಇಂಥ ಮಂತ್ರಿ ಬೇಕು ಎಂದು ಹೊಗಳಿ ಕೂತರು. ಅದೇ ಹೊತ್ತಿಗೆ ಗಂಟೆ ಬಾರಿಸಿತು. ಪ್ರಶ್ನೋತ್ತರ ವೇಳೆ ಮುಗಿದಿದೆ, ಉಳಿದ ಉತ್ತರಗಳನ್ನು ಮಂಡಿಸಲಾಗಿದೆ ಎಂದರು ಸಭಾಧ್ಯಕ್ಷರು. ಯಥಾಪ್ರತಿ ಕಣ್ಣು ಮುಚ್ಚಿ, ಗೆದ್ದೆ ಎಂದುಕೊಂಡ. ಕಣ್ಣು ತೆರೆಯುವಷ್ಟರಲ್ಲಿ ಸಚಿವರ ಮಾತು ಒಂದೊಂದಾಗಿ ತಲೆಯೊಳಗೆ ಇಳಿದು ಕೂತಿತು. ಬೆಟ್ಟದ ಆಸ್ಪತ್ರೆ. ಒಬ್ಬ ನರ್ಸಮ್ಮ. ಹೋದ ವಾರ.

ಸದನಕ್ಕೆ ಕೊಟ್ಟ ಭರವಸೆಯನ್ನು ಮುರಿಯುವ ಧೈರ್ಯ ದೇವರಿಗೂ ಇಲ್ಲ. ಅದನ್ನು ನೋಡಿಕೊಳ್ಳಲೆಂದೇ ಒಂದು ಸಮಿತಿಯಿದೆ. ಇನ್ನು ಆಕೆಗೆ ನಿವೃತ್ತಿಯಾಗುವವರೆಗೆ ಯಾವ ಅಧಿಕಾರಿಯೂ ಆ ಕಡತ ಮುಟ್ಟಲಾರ. ಇದನ್ನು ಯಾರೂ ಅವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಕೂತಲ್ಲೇ ಕೂತಿದ್ದವನ ಕಿವಿಗೆ ಸಭಾಧ್ಯಕ್ಷರು ಮುಂದಿನ ಕಲಾಪ ನಡೆಸುವುದು ಕೇಳಿಸಿತು. ಪ್ರಶ್ನೋತ್ತರವಾದ ಮೇಲೆ ಸದಸ್ಯರ ರಜೆಯ ಅರ್ಜಿಗಳನ್ನು ಓದುವುದು ಅಲ್ಲಿಯ ಪದ್ಧತಿ.

"ಮೃಗಾಲಯದ ಕ್ಷೇತ್ರದ ಸದಸ್ಯರು ಜ್ವರದಿಂದ ಮಲಗಿರೋದ್ರಿಂದ ಇವತ್ತಿನ ಕಲಾಪಕ್ಕೆ ರಜೆ ಕೋರಿ ನಿನ್ನೆಯೇ ಬರೆದಿದ್ದಾರೆ. ಸದನದ ಒಪ್ಪಿಗೆ ಇದೆಯೇ?"

ಇದೆ ಎಂದಿತು ಸದನ.

ಕೇಳುವವರೇ ಬಂದಿರಲಿಲ್ಲ. ಸಭಾಧ್ಯಕ್ಷರು ಹದಿನಾಲ್ಕು ಎನ್ನುತ್ತಿದ್ದರು, ಯಾರೂ ಏಳುತ್ತಿರಲಿಲ್ಲ, ಮುಂದಿನದು ಎನ್ನುತ್ತಿದ್ದರು, ಅಷ್ಟೇ ಆಗಿ ಹೋಗುತ್ತಿತ್ತು. ಯಥಾಪ್ರತಿಗೆ ನಗು ಬಂತೋ ಅಳು ಬಂತೋ, ಗಂಟಲಿನಿಂದ ಒಂದು ವಿಚಿತ್ರ ಶಬ್ದ ಹೊರಟಿತು. ದುಂಡಣ್ಣ ಅವನ ರಟ್ಟೆ ಹಿಡಿದು ಮೊಗಸಾಲೆಗೆ ಎಳೆದುಕೊಂಡು ಹೋದ, ನೀರು ಕುಡಿಸಿದ. ಅವನ ಕಣ್ಣೂ ಒದ್ದೆಯಾಗಿತ್ತು. ಆ ಚೀಟಿ ಬರೆದ ಪಾಪಿಯನ್ನು ಪಾತಾಳದಲ್ಲಿದ್ದರೂ ಹುಡುಕಿ ತೆಗೆಯುತ್ತೇನೆ, ನಿನ್ನ ಸಂಸಾರ ಒಡೆದವನನ್ನು ಬಿಡುವುದಿಲ್ಲ ಎಂದು ಗೆಳೆಯನ ಎಡಗೈಯನ್ನೇ ಹಿಡಿದುಕೊಂಡು ಆಣೆ ಮಾಡಿದ.

ಯಥಾಪ್ರತಿ ಆರಿಸಿಟ್ಟಿದ್ದ ಫೋನು ಹಚ್ಚಿದ. ಹಚ್ಚಿದ ಕೂಡಲೇ ಅದು ಬಡಿದುಕೊಂಡಿತು. ಹೆಂಡತಿ. ಹಿಂದೆ ಬಸ್ಸುಗಳ ಹಾರನ್ನು, ಕಂಡಕ್ಟರುಗಳ ಕೂಗು.

ಬಸ್ಸಿಳಿದು ಇನ್ನೂ ಮುಖ ತೊಳೆದಿಲ್ಲ ಎಂದಳು. ಜಿಲ್ಲೆಯ ಆರೋಗ್ಯಾಧಿಕಾರಿಗಳು ಟಿವಿಯಲ್ಲಿ ಸದನ ನೋಡಿ ಫೋನು ಮಾಡಿದ್ದರಂತೆ, ಬಂದ ಬಸ್ಸಿಗೇ ಹತ್ತಿ ವಾಪಸು ಹೊರಡಬೇಕಂತೆ, ಲಾರಿಯವನಿಗೂ ದಾರಿಯಲ್ಲೇ ತಿರುಗಿಸಲು ಹೇಳಿದ್ದಾಳಂತೆ. ಹೇಳುತ್ತ ಹೇಳುತ್ತ ಅವಳ ದನಿ ಒಡೆಯಿತು. ಆಮೇಲೆ ಅಳು ಥಟ್ಟನೆ ನಿಂತಿತು, ಅವಳಿಗೆ ಏನೋ ಹೊಳೆದಿತ್ತು.

"ರೀ," ಎಂದಳು. "ಆಂಬುಲೆನ್ಸು ಊರಿಗೆಲ್ಲ ಕಾಣುತ್ತೆ. ಸೂರು ಸೋರೋದೂ ಎಲ್ಲರಿಗೂ ಗೊತ್ತು. ಆದ್ರೆ ಆ ಬಾಗಿಲನ್ನ ಕಾಲಲ್ಲಿ ಒತ್ತಿ ಹಿಡೀತೀನಿ ಅನ್ನೋದು ಆ ಮುದುಕರಿಗೆ ಹೇಗೆ ಗೊತ್ತಾಯ್ತು? ಅದನ್ನ ನಾನು ನಿಮಗೆ ಬಿಟ್ಟು ಇನ್ಯಾರಿಗೂ ಹೇಳಿಲ್ಲವಲ್ಲ."

ಯಥಾಪ್ರತಿ ಬಾಯಿ ತೆರೆದ. ಪಕ್ಕದಲ್ಲಿ ದುಂಡಣ್ಣ ಕಿವಿಗೊಟ್ಟು ನಿಂತಿದ್ದ. ಆ ಕಡೆ ಬಸ್ಸು ಹೊರಡಲು ಹಾರನ್ನು ಹೊಡೆಯುತ್ತಿತ್ತು, ಅವಳು ಹತ್ತದೆ ಉತ್ತರಕ್ಕೆ ಕಾಯುತ್ತಿದ್ದಳು.